ಅರಾಲ್ ಕಡಲಿನ ಮೇಷ್ಟ್ರು

ಮದರಾಸಿನ ಪುರಸೈವಾಕ್ಕಂನ ನಮ್ಮ ಹೋಟೆಲಿನಲ್ಲಿ ಆರನೇ ಟೇಬಲ್ಲನ್ನು ದಿನಕ್ಕೊಂದು ಸಲ ಹೆಚ್ಚಿಗೆ ಒರೆಸಬೇಕಾಗುತ್ತಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಶಾಲೆಯಿಂದ ರಿಟೈರಾದ ನಮ್ಮ ಭೂಗೋಳದ ಮೇಷ್ಟ್ರು ಅಲ್ಲಿ ಕೂತು ಇಡ್ಲಿ ತಿಂದು, ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಅವರು ಹೋದ ಮೇಲೆ ಟೇಬಲ್ಲಿನ ಕಲ್ಲಿನ ಮೇಲೆ ಮಧ್ಯ ಏಷ್ಯಾ ಉಳಿದಿರುತ್ತಿತ್ತು. ಚಟ್ನಿಯಲ್ಲಿ ಗುಪ್ಪೆ ಹಾಕಿದ ಪಾಮೀರ್ ಬೆಟ್ಟಗಳು, ಅಲ್ಲಿಂದ ಬೆರಳ ತುದಿಯಲ್ಲಿ ಎಳೆದ ಎರಡು ಸಾಂಬಾರಿನ ನದಿಗಳು, ನದಿ ಮುಗಿಯುವಲ್ಲಿ ಕಾಫಿ ಲೋಟದ ತಳ ಒತ್ತಿ ಮಾಡಿದ ಒಂದು ಉರುಟು ಕಡಲು. "ಮೇಷ್ಟ್ರೇ, ಇದ್ ಹೋಟ್ಲ್ ಮಾರಾಯ್ರೆ, ನಿಮ್ಮ ಕ್ಲಾಸಲ್ಲ" ಎಂದು ನಾನು ಗಲ್ಲಾದಿಂದ ಗದರಿದರೆ, "ಕ್ಲಾಸ್‌ನಲ್ಲಿ ನೀನು ಎಲ್ಲಿ ಪಾಠ ಕೇಳ್ದೆ? ಕಿಟ್ಕಿ ಆಚೆ ತಾನೇ ನೋಡ್ತಿದ್ದೆ. ಈಗ ಕೇಳು" ಎನ್ನುತ್ತಿದ್ದರು.

ಅವರು ಹೋದ ತಿಂಗಳು ತೀರಿಕೊಂಡರು. ಎಂಬತ್ತು ದಾಟಿತ್ತು. ಹೆಸರು ಬರೆಯುವುದಿಲ್ಲ. ಶಾಲೆಯಲ್ಲಿ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಜಾಗ್ರಫಿ ಸಾರ್ ಎಂದರೆ ಮುಗಿಯಿತು. ನನಗೊಬ್ಬನಿಗೆ ಮಾತ್ರ ಅವರು ಮೇಷ್ಟ್ರು. ಕುಂದಾಪುರದ ಕಡೆಯಿಂದ ಹತ್ತನೇ ವಯಸ್ಸಿಗೆ ಅಪ್ಪನ ಹೋಟೆಲಿಗೆ ಬಂದು ಬಿದ್ದ ನನಗೆ ಆ ದೊಡ್ಡ ಶಾಲೆಯಲ್ಲಿ ಕನ್ನಡದಲ್ಲಿ ಬೈಯುವ ಒಂದೇ ಒಂದು ಜೀವ ಅವರಾಗಿದ್ದರು.

ಅವರದು ಮೂರು ತಲೆಮಾರಿನಿಂದ ಮದರಾಸಿನಲ್ಲಿ ನೆಲೆನಿಂತ ವೈಷ್ಣವ ಮನೆತನ. ಹಣೆಯ ನಡುವೆ ಅಂಗಾರದ ಕಪ್ಪು ಗೆರೆ, ಕೆಳಗೆ ಅಕ್ಷತೆಯ ಚುಕ್ಕೆ, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಅವರ ಮನೆಯ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. "ನಮ್ಮಾತ್ತಿನಲ್ಲಿ ಇವತ್ತು ಸಾರು ಶರಿಯಾಗಿ ಇಲ್ಲ, ಅದಕ್ಕೆ ಇಲ್ಲಿ ಬಂದೆ" ಎಂದು ದಿನಾ ಒಂದು ನೆಪ ಹೇಳುತ್ತಿದ್ದರು. ಆತ್ತು ಎಂದರೆ ಮನೆ. ನನ್ನ ಕುಂದಾಪ್ರ ಕನ್ನಡ ಕೇಳಿದರೆ ಅವರಿಗೆ ನಗು. ಅವರದನ್ನು ಕೇಳಿದರೆ ನನಗೆ ನಗು. ಎರಡನ್ನೂ ಕೇಳಿದರೆ ನನ್ನ ಮಗಳಿಗೆ ನಗು. ಅವಳು ಎಲ್ಲ ಅರ್ಥ ಮಾಡಿಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಜಾತಿ.

ಪಾಠ ಹೇಳುವುದರಲ್ಲಿ ಅವರಿಗೆ ಒಂದು ಕಟ್ಟು ಇತ್ತು, ಅದನ್ನು ಮೀರಿದವರ ಕಿವಿ ಕೆಂಪಾಗುತ್ತಿತ್ತು. ಮಕ್ಕಳೆಲ್ಲ ನಕ್ಷೆ ಬರೆಯಲು ತೊಡಗುವುದು ಅಂಚಿನಿಂದ. ಮೊದಲು ಕರಾವಳಿಯ ಸೊಟ್ಟ ಗೆರೆ, ಆಮೇಲೆ ಒಳಗೆ ಸಿಕ್ಕಲ್ಲಿ ಬೆಟ್ಟ, ಸಿಕ್ಕಲ್ಲಿ ನದಿ. ಮೇಷ್ಟ್ರ ಕ್ಲಾಸಿನಲ್ಲಿ ಹಾಗಿಲ್ಲ. ಬಿಳಿ ಹಾಳೆಯಲ್ಲಿ ಮೊದಲು ಬೆಟ್ಟ. ಬೆಟ್ಟದ ಮೇಲೆ ಹಿಮ. ಹಿಮ ಕರಗಿದ ನೀರು ನೆಲ ಇಳಿಜಾರಾದ ಕಡೆಗೆ ಹರಿಯಬೇಕು, ದಾರಿಯಲ್ಲಿ ಮರಳುಗಾಡು ಬಂದರೆ ಸುತ್ತಬೇಕು ಇಲ್ಲವೇ ಇಂಗಬೇಕು. ಎಲ್ಲ ಮುಗಿದು ನದಿಗೆ ಇನ್ನು ಹೋಗಲು ಇಳಿಜಾರಿಲ್ಲ ಎಂದಾಗ ಕಡಲು. "ಮೊದ್ಲೇ ಕಡಲು ಬರೆದು ಆಮೇಲೆ ಅಲ್ಲಿಗೆ ನದೀನ ಕರ್ಕೊಂಡು ಬರೋದಕ್ಕೆ ಅದೇನು ನಿಮ್ಮಾತ್ತು ನಾಯಿಯಾ?" ಎಂದು ಕೇಳುತ್ತಿದ್ದರು.

ದೇಶಗಳ ಗಡಿ ಅವರು ಬರೆಯುತ್ತಲೇ ಇರಲಿಲ್ಲ. ನಾವು ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಆ ಕಡೆಯ ದೊಡ್ಡ ದೇಶ ಒಡೆದು ಹದಿನೈದಾಗಿತ್ತು. ಪುಸ್ತಕದಲ್ಲಿ ಇನ್ನೂ ಹಳೆಯ ಬಣ್ಣವೇ ಇತ್ತು. ಬೇರೆ ಮೇಷ್ಟ್ರುಗಳು ಯಾವುದನ್ನು ಕಲಿಸುವುದೆಂದು ತಲೆ ಕೆರೆದುಕೊಳ್ಳುತ್ತಿದ್ದರೆ ಇವರು ಖುಷಿಯಾಗಿದ್ದರು. "ರಾಜ್ಯ ಒಡೀತದೆ, ಹೆಸರು ಬದಲಾಗ್ತದೆ. ಪಾಮೀರ್ ಅಲ್ಲೇ ಇದೆ ತಾನೇ? ತಿಯೆನ್ ಶಾನ್ ಎದ್ದು ಎಲ್ಲಾದ್ರೂ ಹೋಯ್ತಾ? ಅದಕ್ಕೇ ಹೇಳೋದು, ಬೆಟ್ಟ ನದಿ ಕಲೀರಿ, ಸಾಯೋ ವರೆಗೆ ಉಪಯೋಗಕ್ಕೆ ಬರ್ತದೆ." ಇದು ಅವರ ನಂಬಿಕೆ. ಮಿಕ್ಕದ್ದೆಲ್ಲ ಬದಲಾಗಬಹುದು, ನೆಲ ಬದಲಾಗದು ಎನ್ನುವುದರ ಮೇಲೆ ಆ ಮನುಷ್ಯ ನಿಂತಿದ್ದರು.

ಜಗತ್ತಿನಲ್ಲಿ ಇಷ್ಟು ಜಾಗವಿರುವಾಗ ಮಧ್ಯ ಏಷ್ಯಾವೇ ಯಾಕೆ ಎಂದು ಒಮ್ಮೆ ಕೇಳಿದ್ದೆ. ಅಲ್ಲಿಯ ನದಿಗಳಿಗೆ ಮಹಾಸಾಗರ ಸಿಕ್ಕುವುದಿಲ್ಲ, ಅದಕ್ಕೆ ಎಂದರು. ಆಮು ದರಿಯಾ ಪಾಮೀರಿನಲ್ಲಿ ಹುಟ್ಟಿ ಎರಡು ಮರಳುಗಾಡುಗಳ ನಡುವೆ ನುಸುಳಿಕೊಂಡು ಅರಾಲಿಗೆ ಬರುತ್ತದೆ. ಎಡಕ್ಕೆ ಕಪ್ಪು ಮರಳಿನ ಕಾರಾಕುಂ, ಬಲಕ್ಕೆ ಕೆಂಪು ಮರಳಿನ ಕಿಜಿಲ್‌ಕುಂ. ಸಿರ್ ದರಿಯಾ ತಿಯೆನ್ ಶಾನ್ ಕಡೆಯಿಂದ ಫರ್ಗಾನಾ ಕಣಿವೆಯನ್ನು ದಾಟಿ ಅದೇ ಅರಾಲಿಗೆ. ಜೆರಾಫ್‌ಶಾನ್ ಎಂಬ ಒಂದು ನದಿ ಇದೆಯಂತೆ, ಆಮುವನ್ನು ಸೇರಬೇಕೆಂದು ಹೊರಟು, ಸೇರುವ ಮೊದಲೇ ಮರಳಿನಲ್ಲಿ ಮುಗಿದುಹೋಗುತ್ತದೆ. ಬಾಲ್‌ಕಾಶ್ ಸರೋವರದ ಒಂದು ಅರ್ಧ ಸಿಹಿ, ಇನ್ನೊಂದು ಅರ್ಧ ಉಪ್ಪು. ಇದನ್ನೆಲ್ಲ ಹೇಳುವಾಗ ಅವರ ದನಿ ತಗ್ಗುತ್ತಿತ್ತು, ನೆಂಟರ ಮನೆಯ ಕಷ್ಟಸುಖ ಹೇಳುವವರ ಹಾಗೆ.

ಅವರ ಸ್ನಾನದ ಕತೆ ಅವರ ಹೆಂಡತಿ ನನಗೆ ಹೇಳಿದ್ದು. ಸ್ನಾನಕ್ಕೆ ಮೊದಲು ತಂಬಿಗೆಯ ನೀರಿಗೆ ಕೈಯಿಟ್ಟು ಗಂಗೆ, ಯಮುನೆ ಎಂದು ಏಳು ನದಿಗಳನ್ನು ಕರೆಯುವುದು ಅವರ ಮನೆಯ ಪದ್ಧತಿ. ಮೇಷ್ಟ್ರು ಏಳಕ್ಕೆ ನಿಲ್ಲಿಸುತ್ತಿರಲಿಲ್ಲ. ಕಾವೇರಿ ಮುಗಿಸಿ ಉಸಿರು ತೆಗೆದುಕೊಂಡು ಆಮು, ಸಿರ್, ಜೆರಾಫ್‌ಶಾನ್, ಮುರ್ಗಾಬ್ ಎಂದು ಮುಂದುವರಿಸುತ್ತಿದ್ದರು. "ಮ್ಲೇಚ್ಛ ನದಿಗಳನ್ನೆಲ್ಲ ಮನೆಯೊಳಗೆ ಕರೀತಾರಪ್ಪಾ ಇವರು. ಅಷ್ಟು ನದಿ ಬಂದ್ರೂ ಮೆಟ್ರೋ ವಾಟರ್ ಎರಡು ದಿನಕ್ಕೊಂದು ಸಲ ತಾನೇ ಬರೋದು" ಎಂದು ಆ ಅಮ್ಮ ನಗುತ್ತಿದ್ದರು. ಮಾಧವರಂನಲ್ಲಿ ಅವರ ಮನೆಯ ನಲ್ಲಿ ನನಗೂ ಗೊತ್ತು. ಆಕೆ ಹೇಳಿದ್ದರಲ್ಲಿ ಸುಳ್ಳಿಲ್ಲ.

ಈಗ ಆ ಹುಡುಗಿಯ ವಿಷಯ ಹೇಳಬೇಕು. ಹೇಳದಿದ್ದರೆ ಮೇಷ್ಟ್ರನ್ನು ಹೊಗಳಿ ಕೈತೊಳೆದುಕೊಂಡ ಹಾಗಾಗುತ್ತದೆ.

ನಮ್ಮ ಒಂಬತ್ತನೇ ಕ್ಲಾಸಿನಲ್ಲಿ ಕಾಸಿಮೇಡಿನಿಂದ ಬರುತ್ತಿದ್ದ ಒಬ್ಬಳು ಹುಡುಗಿ ಇದ್ದಳು, ಮೀನುಗಾರರ ಮನೆಯವಳು. ಎರಡನೇ ಬೆಂಚು, ಎಣ್ಣೆ ಹಾಕಿ ಬಿಗಿದ ಜಡೆ, ಮಾತು ಕಮ್ಮಿ. ನಕ್ಷೆ ಬರೆಯುವುದರಲ್ಲಿ ಅವಳಷ್ಟು ಚಂದ ಯಾರಿಗೂ ಕೈ ಬರುತ್ತಿರಲಿಲ್ಲ. ಒಂದು ದಿನ ಪರೀಕ್ಷೆಯ ಹಾಳೆಗಳನ್ನು ತಿದ್ದಿ ತಂದ ಮೇಷ್ಟ್ರು ಅವಳ ಹಾಳೆಯನ್ನು ನನ್ನ ಕೈಗೆ ಕೊಟ್ಟು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿ ಎಂದರು. ಬೆಟ್ಟ ಸರಿ, ನದಿ ಸರಿ, ಮರಳುಗಾಡು ಸರಿ. ಅರಾಲ್ ಇರಬೇಕಾದ ಕಡೆ ಮಾತ್ರ ಎರಡು ಸಣ್ಣ ಕೆರೆಗಳ ಹಾಗೆ ಏನೋ ಇತ್ತು. ಅವುಗಳ ನಡುವೆ ಬೋಳು ಮರಳು, ಮರಳಿನ ಮೇಲೆ ಮಗ್ಗುಲಾಗಿ ಬಿದ್ದ ಒಂದು ದೋಣಿ.

"ಕಡಲಿನ ಮಧ್ಯ ಮರಳು, ಮರಳಿನ ಮೇಲೆ ದೋಣಿ. ಇದು ಯಾವ ಊರಿನ ಜಾಗ್ರಫಿ?" ಎಂದು ಮೇಷ್ಟ್ರು ತಮಿಳಿನಲ್ಲಿ ಕೇಳಿದರು. ಕ್ಲಾಸು ನಕ್ಕಿತು. ಹಾಳೆ ಹಿಡಿದು ನಿಂತಿದ್ದ ನಾನೂ ನಕ್ಕೆ.

ಅವಳು ಎದ್ದು ನಿಂತು, "ಸಾರ್, ಅಂದ ಕಡಲ್ಲ ತಣ್ಣಿಯೇ ಇಲ್ಲ ಸಾರ್. ಪೇಪರ್‌ಲ ಫೋಟೋ ವಂದುದು" ಎಂದಳು. ಆ ಕಡಲಲ್ಲಿ ನೀರೇ ಇಲ್ಲ, ಪೇಪರಿನಲ್ಲಿ ಫೋಟೋ ಬಂದಿತ್ತು ಎಂದು. ಅವಳ ಅಪ್ಪ ಬಲೆ ಇಡುವ ಕೋಣೆಯ ಗೋಡೆಗೆ ಆ ಫೋಟೋ ಅಂಟಿಸಿದ್ದಾನಂತೆ. ಮುಂದೇನೋ ಕೇಳಲು ಬಾಯಿ ತೆರೆದಳು. ಮೇಷ್ಟ್ರು ಕೈಯೆತ್ತಿ ತಡೆದರು. ಪೇಪರಿನವರು ಏನು ಬೇಕಾದರೂ ಹಾಕುತ್ತಾರೆ, ಅಟ್ಲಾಸ್ ನೋಡು, ಪುಸ್ತಕ ನೋಡು, ಜಗತ್ತಿನ ನಾಲ್ಕನೇ ದೊಡ್ಡ ಸರೋವರ, ಅದು ಓಡಿಹೋಗುವುದಕ್ಕೆ ಮನುಷ್ಯನಲ್ಲ ಎಂದರು. ನಕ್ಷೆಗೆ ಸೊನ್ನೆ. ತುಂಬಿದ ಅರಾಲನ್ನು ನೂರು ಸಲ ಬರೆದುಕೊಂಡು ಬಾ ಎಂದರು. ಮಾರನೆಯ ದಿನ ಅವಳು ನೂರು ಬರೆದು ತಂದಳು. ನೂರರಲ್ಲೂ ಕಡಲು ತುಂಬಿತ್ತು. ಅರ್ಧವಾರ್ಷಿಕ ಪರೀಕ್ಷೆಯ ನಂತರ ಅವಳು ಶಾಲೆಗೆ ಬರಲಿಲ್ಲ. ನಾವು ಯಾರೂ ಯಾಕೆಂದು ಕೇಳಲಿಲ್ಲ, ನಮಗೆ ಆಗ ಕ್ರಿಕೆಟ್ ಇತ್ತು.

ಮೂರು ವರ್ಷದ ಹಿಂದೆ ನನ್ನ ಮಗಳ ಶಾಲೆಯಲ್ಲಿ ಹೊಸ ಅಟ್ಲಾಸ್ ಕೊಟ್ಟರು. ಒಂದು ರಜೆಯ ದಿನ ಅವಳು ಅದನ್ನು ತಂದು ಆರನೇ ಟೇಬಲ್ಲಿನ ಮೇಲೆ ಮೇಷ್ಟ್ರ ಮುಂದೆ ಬಿಡಿಸಿದಳು. ಟೇಬಲ್ಲಿನಲ್ಲಿ ಆಗಷ್ಟೇ ಸಾಂಬಾರಿನ ನದಿಗಳು ಹರಿದು ಮುಗಿದಿದ್ದವು. ಅವಳು ಪುಸ್ತಕವನ್ನೂ ಟೇಬಲ್ಲನ್ನೂ ನೋಡಿ, "ತಾತಾ, ನೀಂಗ ಪೆರಿಸಾ ಪೋಟ್ಟುಟ್ಟೀಂಗ" ಎಂದಳು. ನೀವು ದೊಡ್ಡದಾಗಿ ಬರೆದುಬಿಟ್ಟಿದ್ದೀರಿ ಎಂದು. ಪುಸ್ತಕದಲ್ಲಿ ಆಕಾಶದಿಂದ ತೆಗೆದ ಫೋಟೋ ಇತ್ತು. ಮೇಲೊಂದು ತುಣುಕು ನೀರು, ಪಡುವಣಕ್ಕೆ ಒಂದು ಗೆರೆಯಷ್ಟು ನೀರು, ಮಿಕ್ಕದ್ದೆಲ್ಲ ಉಪ್ಪಿನ ಬಿಳಿ ನೆಲ. ನಾನು ಹಗುರವಾಗಿ, "ಮೇಷ್ಟ್ರೇ, ನೆನಪುಂಟಾ? ಆ ಕಾಸಿಮೇಡಿನ ಹುಡುಗಿ ಹೀಗೇ ಬರೆದದ್ದಲ್ದಾ?" ಎಂದೆ.

ಅವರು ಲೋಟ ಕೆಳಗಿಟ್ಟರು. "ಗೊತ್ತು" ಎಂದರು. ಅಟ್ಲಾಸನ್ನು ತಮ್ಮ ಕಡೆ ತಿರುಗಿಸಿಕೊಂಡು, "ಆಗಿಂದ್ಲೇ ಗೊತ್ತು ಕಣೋ. ಮಾರನೇ ವರ್ಷವೇ ಲೈಬ್ರರೀಲಿ ಓದ್ದೆ. ಹತ್ತಿ ಬೆಳೆಯೋಕೆ ಅಂತ ಎರಡು ನದೀನೂ ಕಾಲುವೆಗೆ ತಿರುಗಿಸಿಬಿಟ್ಟಿದ್ದಾರೆ. ನಾನು ಅವಳಿಗೆ ಸೊನ್ನೆ ಹಾಕಿದಾಗ ಅಲ್ಲಿ ಅವಳು ಬರ್ದ ಹಾಗೇ ಇತ್ತು. ಅವಳು ಶರಿ, ನಾನು ತಪ್ಪು" ಎಂದರು.

"ಮತ್ತೆ ನೀವು ಕ್ಲಾಸಲ್ಲಿ ಹೇಳ್ಲೇ ಇಲ್ವಲ್ಲ."

"ಅವಳು ಸ್ಕೂಲ್ ಬಿಟ್ಟಿದ್ಳು. ಅವಳು ಇಲ್ದೆ ಯಾರ ಹತ್ರ ಹೇಳೋದು? ಆಮೇಲೆ ಪರೀಕ್ಷೆಗೆ ಪುಸ್ತಕದಲ್ಲಿ ಇರೋ ಹಾಗೆ ತಾನೇ ಬರೀಬೇಕು, ಹಾಗೇ ಇರ್ಲಿ ಅಂತ ಬಿಟ್ಟೆ. ರಿಟೈರ್ ಆಗೋ ವರೆಗೆ ತುಂಬಿದ ಕಡಲೇ ಬರ್ದೆ." ಅವರು ಅಂಗೈಯಿಂದ ಟೇಬಲ್ಲಿನ ನಕ್ಷೆಯನ್ನು ತಾವೇ ಒರೆಸಿದರು. ಅಷ್ಟು ವರ್ಷದಲ್ಲಿ ಅವರು ಅದನ್ನು ತಾವಾಗಿ ಒರೆಸಿದ್ದು ಅದೇ ಮೊದಲು. ಅವಳು ಶಾಲೆ ಬಿಟ್ಟದ್ದು ನನ್ನಿಂದಲೇ ಎಂದು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದೇನೆ, ಸಾಯುವ ಮೊದಲು ಅವಳ ಹತ್ತಿರ ಮನ್ನಿಪ್ಪು ಕೇಳಬೇಕು, ಹುಡುಕಿಕೊಡು ಎಂದರು. ನನಗೆ ಕೆಟ್ಟದೆನಿಸಿತು, ಸುಮ್ಮನೆ ಬಾಯಿ ಬಿಟ್ಟೆನಲ್ಲ ಎಂದು.

ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ದಿನವೂ ಗುಡ್ ಮಾರ್ನಿಂಗ್ ಹೂವು ಕಳಿಸುವ ಒಬ್ಬಳಿಗೆ ಅವಳ ಗುರುತು ಗೊತ್ತಿತ್ತು. ಕಾಸಿಮೇಡಿನ ಬಂದರಿನಲ್ಲೇ ಇದ್ದಾಳೆ, ಬೆಳಗಿನ ಮೀನಿನ ಏಲ, ಅಂದರೆ ಹರಾಜು, ಕೂಗುತ್ತಾಳೆ, ಅವಳ ದನಿ ಅಲ್ಲಿ ಎಲ್ಲರಿಗೂ ಗೊತ್ತು, ಯಾರನ್ನು ಕೇಳಿದರೂ ತೋರಿಸಿಕೊಡುತ್ತಾರೆ ಎಂದಳು.

ಒಂದು ಶುಕ್ರವಾರ ಬೆಳಿಗ್ಗೆ ಐದೂವರೆಗೆ ನಾವಿಬ್ಬರೂ ಆಟೋದಲ್ಲಿ ಹೊರಟೆವು. ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದರೂ ಮೇಷ್ಟ್ರು ಕಾಸಿಮೇಡಿನ ಬಂದರು ಕಂಡವರಲ್ಲ. ಸ್ನಾನ, ಜಪ ಮುಗಿಸಿ, ಹಣೆಗೆ ಅಂಗಾರ ಇಟ್ಟು, ಮಡಿಕೆ ಮುರಿಯದ ಪಂಚೆ ಉಟ್ಟು ಬಂದಿದ್ದರು. "ಮೇಷ್ಟ್ರೇ, ಮೀನಿನ ನೀರು ಹಾರ್ತದೆ, ಪ್ಯಾಂಟ್ ಹಾಕ್ಕೊಂಡು ಬರ್ಬೇಕಿತ್ತು" ಎಂದೆ. "ತಪ್ಪು ಒಪ್ಪಿಕೊಳ್ಳೋಕೆ ಹೋಗ್ವಾಗ ಪ್ಯಾಂಟಾ?" ಎಂದರು. ಬಂದರಿನ ಒದ್ದೆ ನೆಲದ ಮೇಲೆ ಪಂಚೆಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಅವರು ನಡೆಯುತ್ತಿದ್ದರೆ, ಬುಟ್ಟಿ ಹೊತ್ತ ಹೆಂಗಸರು ಯಾರೋ ಪುರೋಹಿತರು ಹೊಸ ದೋಣಿ ಪೂಜೆಗೆ ಬಂದಿದ್ದಾರೆಂದು ದಾರಿ ಬಿಟ್ಟರು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಗಂಗೊಳ್ಳಿಯ ಹತ್ತಿರ ಹುಟ್ಟಿದವನಿಗೆ ಆ ವಾಸನೆ ಹೊಸದಲ್ಲ, ನಮ್ಮ ಸಸ್ಯಾಹಾರಿ ಹೋಟೆಲಿನಲ್ಲಿ ಮಾತ್ರ ಈ ಮಾತು ಆಡುವ ಹಾಗಿಲ್ಲ.

ಅವಳು ಸಿಕ್ಕಿದಳು. ದಪ್ಪಗಾಗಿದ್ದಳು, ಸೊಂಟಕ್ಕೆ ಸೆರಗು ಬಿಗಿದು, ಹಾಸಿದ ಮೀನಿನ ರಾಶಿಯ ಮುಂದೆ ನಿಂತು ಏಲ ಕೂಗುತ್ತಿದ್ದಳು. ಮೇಷ್ಟ್ರನ್ನು ಕಂಡ ಕೂಡಲೆ ಕೂಗು ನಿಲ್ಲಿಸಿದಳು. "ಜಾಗ್ರಫಿ ಸಾರ್" ಎಂದು ಕೈಯನ್ನು ಸೀರೆಗೆ ಒರೆಸಿಕೊಂಡಳು. ಮೇಷ್ಟ್ರು ಸುತ್ತಿ ಬಳಸಲಿಲ್ಲ. ಆ ಗಲಾಟೆಯ ನಡುವೆ ನಿಂತು, ನೀನು ಬರೆದದ್ದು ಸರಿ, ನಾನು ಕೊಟ್ಟ ಸೊನ್ನೆ ತಪ್ಪು, ಗೊತ್ತಾದ ಮೇಲೂ ಹೇಳದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು, ನನ್ನನ್ನು ಮನ್ನಿಸು ಎಂದು ತಮಿಳಿನಲ್ಲಿ ಹೇಳಿದರು. ಆಮೇಲೆ, "ನೀನು ಶಾಲೆ ಬಿಟ್ಟದ್ದು ನನ್ನಿಂದಲಾ?" ಎಂದು ಕೇಳಿದರು.

ಅವಳಾಡಿದ್ದು ತಮಿಳಿನಲ್ಲಿ, ನನಗೆ ನೆನಪಿರುವಂತೆ ಬರೆಯುತ್ತೇನೆ. "ಅಮ್ಮ ಹೋಗ್ಬಿಟ್ರು ಸಾರ್ ಆ ವರ್ಷ. ತಂಗಿಯರಿಬ್ಬರು ಚಿಕ್ಕೋರು. ಅದಕ್ಕೆ ಬಿಟ್ಟೆ. ನಿಮ್ಮಿಂದ ಅಲ್ಲ. ಆದ್ರೆ ಆ ದಿನ ನಾನು ಒಂದು ಕೇಳಬೇಕಿತ್ತು. ಕೈಯೆತ್ತಿ ನಿಲ್ಲಿಸಿಬಿಟ್ರಿ."

"ಏನು ಕೇಳಬೇಕಿತ್ತಮ್ಮ?"

"ಕಡಲು ಹೋಯ್ತು, ಬೋಟು ಮರಳಲ್ಲಿ ನಿಂತ್ಕೊಂಡ್ತು. ಆ ಬೋಟಿನ ಜನ ಏನಾದ್ರು ಸಾರ್? ಎಲ್ಲಿಗೆ ಹೋದ್ರು? ನಮ್ಮಪ್ಪನೂ ಸಾಯೋ ತನಕ ಆ ಫೋಟೋ ನೋಡಿ ಅದೇ ಕೇಳ್ತಿದ್ರು."

ಮೇಷ್ಟ್ರು "ಗೊತ್ತಿಲ್ಲಮ್ಮಾ" ಎಂದರು. ಕೇಳಿದ ಪ್ರಶ್ನೆಗೆ ಅವರು ಗೊತ್ತಿಲ್ಲ ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ತಿಳ್ಕೊಂಡು ಬಂದು ಹೇಳಿ. ಮನ್ನಿಪ್ಪೆಲ್ಲಾಂ ಅಪ್ಪುರಂ" ಎಂದಳು ಅವಳು. ಕ್ಷಮೆಯ ಮಾತು ಆಮೇಲೆ. ಹಾಗೆಂದು ಮೀನಿನ ಕಡೆ ತಿರುಗಿ ಕೂಗು ಶುರುಮಾಡಿದಳು.

ವಾಪಸು ಬರುವಾಗ ಆಟೋದಲ್ಲಿ ನನಗೆ ಸಿಟ್ಟು ಬಂದಿತ್ತು. ಎಂಬತ್ತರ ಹತ್ತಿರದ ಮನುಷ್ಯ, ಅಷ್ಟು ದೂರ ಬಂದು ಕೈಮುಗಿದರೆ, ಒಂದು ಮಾತು ಆಯ್ತು ಸಾರ್ ಎನ್ನಬಾರದಿತ್ತೇ? ಮೇಷ್ಟ್ರು ಸಿಟ್ಟಾಗಿರಲಿಲ್ಲ. "ಅವಳು ಕೇಳಿದ್ದು ಶರಿಯಾಗೇ ಇದೆ. ಅಷ್ಟು ವರ್ಷ ಬೆಟ್ಟ ಹೇಳ್ದೆ, ನದಿ ಹೇಳ್ದೆ, ಮರಳು ಯಾವ ಬಣ್ಣ ಅಂತ ಕೂಡ ಹೇಳ್ದೆ. ಆ ದಂಡೆ ಮೇಲೆ ಯಾರಿದ್ರು ಅಂತ ಒಂದು ದಿನ ಹೇಳಿಲ್ಲ ನೋಡು" ಎಂದರು.

ಅಂದಿನಿಂದ ಆರನೇ ಟೇಬಲ್ಲಿಗೆ ಹೊಸ ಕಳೆ ಬಂತು, ಮೇಷ್ಟ್ರು ಸಂಜೆಯೂ ಬರತೊಡಗಿದರು. ಶಾಲೆಯಿಂದ ಬಂದ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಫೋನಿನಲ್ಲಿ ಹುಡುಕಿಸುವುದು, ಅವಳು ಇಂಗ್ಲಿಷಿನಲ್ಲಿ ಓದುವುದು, ಇವರು ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸುವುದು. ಇಬ್ಬರೂ ಜಗಳವಾಡಿಕೊಂಡೇ ಕೆಲಸ ಮಾಡುತ್ತಿದ್ದರು. ಜಿಲ್ಲಾ ಗ್ರಂಥಾಲಯಕ್ಕೂ ಓಡಾಡಿದರು. ಒಂದಿಷ್ಟು ತಿಳಿದ ಕೂಡಲೆ ಶುಕ್ರವಾರ ಬೆಳಿಗ್ಗೆ ಕಾಸಿಮೇಡು. ಮೊದಲೆರಡು ಸಲ ನಾನು ಜೊತೆಗೆ ಹೋದೆ, ಆಮೇಲೆ ಅವರೇ ಬಸ್ಸು ಹಿಡಿದು ಹೋಗತೊಡಗಿದರು.

ಕಡಲು ಹಿಂದೆ ಸರಿದಾಗ ಅಲ್ಲಿಯ ಮೀನುಗಾರರು ದೋಣಿ ಸಾಗಿಸಲು ಕಾಲುವೆ ತೋಡಿದರಂತೆ, ಕಡಲು ಇನ್ನೂ ಸರಿಯಿತಂತೆ. ಮೀನು ಡಬ್ಬಕ್ಕೆ ತುಂಬುವ ಕಾರ್ಖಾನೆ ಮುಚ್ಚಬಾರದೆಂದು ಸಾವಿರಾರು ಮೈಲಿ ದೂರದ ಬೇರೆ ಸಾಗರಗಳಿಂದ ರೈಲಿನಲ್ಲಿ ಮೀನು ತರಿಸಿದರಂತೆ. ಇದನ್ನು ಕೇಳಿ ಅವಳು ಬಹಳ ನಕ್ಕಳೆಂದು ಮೇಷ್ಟ್ರು ಬಂದು ಹೇಳಿದರು. ಕೆಲವರು ತಿಂಗಳುಗಟ್ಟಲೆ ಮನೆ ಬಿಟ್ಟು ಬಾಲ್‌ಕಾಶ್‌ಗೆ ಮೀನು ಹಿಡಿಯಲು ಹೋದರು, ಕೆಲವರು ಒಂಟೆ ಸಾಕಿದರು, ತುಂಬ ಜನ ಊರು ಬಿಟ್ಟರು. ಉಪ್ಪಿನ ಧೂಳು ಕುಡಿದು ಉಳಿದವರಿಗೆ ಕೆಮ್ಮು. ಅಷ್ಟು ಉಪ್ಪಿನಲ್ಲೂ ಬದುಕಿದ ಮೀನು ಯಾವುದೆಂದು ಅವಳು ಕೇಳಿದ್ದಳು. ಮೇಷ್ಟ್ರು ಹುಡುಕಿ ಇಂಗ್ಲಿಷ್ ಹೆಸರು ಬರೆದುಕೊಂಡು ನನ್ನ ಬಳಿ ಬಂದು, "ಚಪ್ಪಟೆ ಇರ್ತದಂತೆ, ಎರಡು ಕಣ್ಣೂ ಒಂದೇ ಕಡೆ. ಯಾವುದೋ ಅದು?" ಎಂದು ಗಲ್ಲಾದ ಎದುರಿಗೇ ಕೇಳಿದರು. ಸುತ್ತ ಊಟಕ್ಕೆ ಕೂತವರಿಗೆ ಕೇಳದ ಹಾಗೆ, ನಮ್ಮೂರ ಕಡೆಯ ನಂಗು ಮೀನಿನ ಜಾತಿಯದ್ದಿರಬೇಕು ಎಂದೆ. ಅವಳು ಅದನ್ನು ನಾಕ್ಕು ಮೀನು ಎಂದು ಹೇಳಿ, ಬುಟ್ಟಿಯಿಂದ ಒಂದನ್ನು ಎತ್ತಿ ಮೇಷ್ಟ್ರಿಗೆ ತೋರಿಸಿದಳಂತೆ. ಅವರು ಹತ್ತಿರದಿಂದ ನೋಡಿದರಂತೆ.

ಪ್ರತಿ ಸಲ ಬಂದಾಗಲೂ ನಾನು ಕೇಳುತ್ತಿದ್ದೆ, "ಏನಂದ್ಳು ಮೇಷ್ಟ್ರೇ, ಮನ್ನಿಸಿದ್ಳಾ?" ಅವರು ತಲೆಯಾಡಿಸುತ್ತಿದ್ದರು. "ಇಲ್ಲ. ಮತ್ತೊಂದು ಕೇಳ್ವಿ ಕೇಳಿದ್ಳು." ಹೀಗೆ ಎರಡು ವರ್ಷಕ್ಕೂ ಹೆಚ್ಚು. ನಡುವೆ ಒಮ್ಮೊಮ್ಮೆ ಅವರ ಮುಖ ಸಪ್ಪೆಯಾಗುತ್ತಿತ್ತು. "ನನಗೆ ಟೈಮ್ ಕಮ್ಮಿ ಇದೆ ಅಂತ ಅವಳಿಗೆ ಯಾರು ಹೇಳೋದು?" ಎಂದು ಒಂದು ದಿನ ಅಂದರು. ನಾನು ಹೋಗಿ ಹೇಳುತ್ತೇನೆಂದರೆ ಖಡಾಖಂಡಿತವಾಗಿ ಬೇಡವೆಂದರು. ಕೇಳಿ ಪಡೆದರೆ ಅದು ಮನ್ನಿಪ್ಪು ಅಲ್ಲ, ದಾಕ್ಷಿಣ್ಯ ಎಂದರು.

ಈ ವರ್ಷ ಅವರು ಮಲಗಿದರು. ಶ್ವಾಸಕ್ಕೆ ಕಷ್ಟವಾಗುತ್ತಿತ್ತು. ಮಾಧವರಂಗೆ ನೋಡಲು ಹೋದಾಗ ಮಂಚದ ಮೇಲೆ ದಿಂಬಿಗೊರಗಿ ಕೂತು ನನ್ನ ಮಗಳ ಕೈಯಲ್ಲಿ ಏನನ್ನೋ ಓದಿಸುತ್ತಿದ್ದರು. ನನ್ನನ್ನು ಕಂಡವರೇ, "ಬಾ, ಬಾ, ನೀರು ಬಂದಿದೆ" ಎಂದರು. ನಲ್ಲಿಯ ನೀರೆಂದುಕೊಂಡೆ. ಅರಾಲಿನ ನೀರು. ಬಡಗಣ ತುಣುಕಿಗೆ ಅಡ್ಡಲಾಗಿ ಒಂದು ಅಣೆಕಟ್ಟು ಕಟ್ಟಿದ್ದಾರೆ, ಸಿರ್ ದರಿಯಾದ ನೀರು ನಿಂತಿದೆ, ಉಪ್ಪು ಇಳಿದಿದೆ, ಮೀನು ಮರಳಿದೆ. ಹೋದವರಲ್ಲಿ ಕೆಲವರು ಹಿಂದೆ ಬಂದು ದೋಣಿ ಇಳಿಸಿದ್ದಾರೆ. ಅವರಿಗೆ ಸಂತೋಷ ತಡೆಯಲಾಗುತ್ತಿರಲಿಲ್ಲ, ಕೆಮ್ಮು ಮಾತನ್ನು ತುಂಡರಿಸುತ್ತಿತ್ತು. "ಇದನ್ನ ನಾನೇ ಹೋಗಿ ಹೇಳ್ಬೇಕು. ಎದ್ದ ಮೇಲೆ ಹೋಗ್ತೀನಿ. ಈ ಸಲ ಮನ್ನಿಸ್ತಾಳೆ ನೋಡು" ಎಂದರು.

ಏಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಹೋಗಿಬಿಟ್ಟರು.

ಕರ್ಮಗಳೆಲ್ಲ ಮುಗಿದ ಮೇಲಿನ ಶುಕ್ರವಾರ ನಾನೊಬ್ಬನೇ ಕಾಸಿಮೇಡಿಗೆ ಹೋದೆ. ಅವಳು ಏಲದಲ್ಲಿದ್ದಳು. ನನ್ನ ಹಿಂದೆ ಮುಂದೆ ಕಣ್ಣಾಡಿಸಿದಳು, ಮೇಷ್ಟ್ರು ಎಲ್ಲಿ ಎಂದು. ನಾನು ಹೇಳಿದೆ. ಹೇಳಿ, ಅವರು ಕೊನೆಗೆ ತಿಳಿದುಕೊಂಡದ್ದನ್ನೂ ಹೇಳಿದೆ, ಅಣೆಕಟ್ಟು, ನೀರು, ಮೀನು, ಹಿಂದೆ ಬಂದ ಜನ. ಅವಳು ಅಲ್ಲೇ ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಕೂತಳು. ಪೂರ್ತಿ ಕೇಳಿಸಿಕೊಂಡಳು.

ನನಗೆ ತಡೆಯಲಾಗಲಿಲ್ಲ. "ಒಂದು ಮಾತು ಮನ್ನಿಸಿದೆ ಅಂತ ಹೇಳಿಬಿಡಬಾರದಿತ್ತಾ ನೀನು? ಆ ಒಂದು ಮಾತಿಗೆ ಕಾದು ಕಾದು ಹೋದರು ಅವರು" ಎಂದೆ.

ಅವಳು ತಲೆಯೆತ್ತಿದಳು. "ಮೊದಲ ದಿನವೇ ಮನ್ನಿಸಿದ್ದೆ. ಅಷ್ಟು ದೊಡ್ಡ ಸಾರ್ ಈ ಕೆಸರಿನಲ್ಲಿ ಪಂಚೆ ಎತ್ಕೊಂಡು ಬಂದು ನಿಂತಾಗಲೇ. ಹೇಳಿಬಿಟ್ಟಿದ್ರೆ ಕೈಮುಗಿದು ಹೋಗಿಬಿಡ್ತಿದ್ರು, ಮತ್ತೆ ಯಾಕೆ ಬರ್ತಿದ್ರು? ಒಂಬತ್ತನೇ ಕ್ಲಾಸಿಗೆ ನನ್ನ ಓದು ನಿಂತುಹೋಗಿತ್ತು. ಅದಾದ ಮೇಲೆ ನನಗೆ ಅಂತ ಯಾರೂ ಏನೂ ಓದಿಕೊಂಡು ಬಂದಿರಲಿಲ್ಲ."

ಏಲಕ್ಕೆ ಕಾದಿದ್ದವರು ಅವಳನ್ನು ಕರೆಯತೊಡಗಿದರು. ಅವಳು ಎದ್ದು, ಸೆರಗು ಬಿಗಿದು, ಮೀನಿನ ಮುಂದೆ ಹೋಗಿ ನಿಂತಳು. ರಾಶಿಯಿಂದ ಒಂದು ನಾಕ್ಕು ಮೀನನ್ನು ಎತ್ತಿ ಪಕ್ಕಕ್ಕಿಟ್ಟು, ಕೂಗು ಶುರುಮಾಡಿದಳು.